ಇಂಚಣ್ಣ ಕೆಳಗಿಳಿಸಿದ ಮಸ್ಟ್

ನಮ್ಮ ಸಂಜೆ ಪತ್ರಿಕೆಯ ಅಚ್ಚುಕೂಟದಲ್ಲಿ ಪುಟ ಕಟ್ಟುತ್ತಿದ್ದವನನ್ನು ಎಲ್ಲರೂ ಇಂಚಣ್ಣ ಅನ್ನುತ್ತಿದ್ದರು. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಅದು ಬಳಕೆಯಿಲ್ಲದೆ ತುಕ್ಕು ಹಿಡಿದು, ಯಾರಾದರೂ ಕೂಗಿದರೆ ಅವನೇ ಹಿಂದೆ ತಿರುಗಿ ಬೇರೆ ಯಾರನ್ನೋ ಕರೆಯುತ್ತಿದ್ದಾರೆ ಎಂದು ನೋಡುತ್ತಿದ್ದ. ಲೋಕದಲ್ಲಿ ಏನನ್ನೇ ಕಂಡರೂ ಅವನ ಕಣ್ಣು ಮೊದಲು ಅದನ್ನು ಇಂಚಿನಲ್ಲಿ ಅಳೆಯುತ್ತಿತ್ತು. ಆನೆಯನ್ನು ತಂದು ಎದುರಿಗೆ ನಿಲ್ಲಿಸಿದ್ದರೂ, "ಎರಡು ಕಾಲಮ್ಮಿಗೆ ಕೂರುತ್ತೆ, ಬಾಲ ಮಾತ್ರ ಮೂರನೇ ಪುಟಕ್ಕೆ ಹೋಗ್ಬೇಕು" ಅನ್ನುತ್ತಿದ್ದ. ಹೆಂಡತಿಯನ್ನು ಮೊದಲ ಸಲ ಕಂಡಾಗ, "ಒಂದೇ ಕಾಲಂ, ಆದರೆ ಒಳ್ಳೇ ಹೆಡ್ಡಿಂಗು" ಎಂದನಂತೆ. ಅದರ ಅರ್ಥ ಏನೆಂದು ತಿಳಿದುಕೊಳ್ಳಲಿಕ್ಕೇ ತಾನು ಅವನನ್ನು ಮದುವೆಯಾದದ್ದು ಎಂದು ಆಕೆ ನಮ್ಮೆದುರಿಗೆ ಎಷ್ಟೋ ಸಲ ಹೇಳಿದ್ದಾಳೆ.

ಆಗ ಕಂಪ್ಯೂಟರ್ ಇರಲಿಲ್ಲ. ಅಕ್ಷರಗಳೆಲ್ಲ ಸೀಸದ ಮೊಳೆಗಳು. ಮೊಳೆ ಜೋಡಿಸುವವರು ಸುದ್ದಿಯನ್ನು ಒಂದೊಂದೇ ಅಕ್ಷರವಾಗಿ ಜೋಡಿಸಿ, ಉದ್ದನೆಯ ಲೋಹದ ತಟ್ಟೆಯಲ್ಲಿ ಇಂಚಣ್ಣನ ಮೇಜಿಗೆ ಕಳಿಸುತ್ತಿದ್ದರು. ಆ ತಟ್ಟೆಗೆ ಗ್ಯಾಲಿ ಎಂದು ಹೆಸರು. ಇಂಚಣ್ಣ ಅವುಗಳನ್ನು ಪುಟದ ಅಳತೆಯ ಕಬ್ಬಿಣದ ಚೌಕಟ್ಟಿನೊಳಗೆ ಕೂರಿಸಿ, ಸಂದುಗಳಿಗೆ ಸೀಸದ ಪಟ್ಟಿ ತುರುಕಿ, ಸುತ್ತ ಬಿಗಿದು, ಅಂಗೈಯಿಂದ ಒಂದು ಪೆಟ್ಟು ಕೊಟ್ಟು, "ಹೋಗಮ್ಮ, ಗಂಡನ ಮನೆಗೆ" ಎಂದು ಮುದ್ರಣಯಂತ್ರಕ್ಕೆ ಕಳಿಸುತ್ತಿದ್ದ. ಮೊಳೆಯಲ್ಲಿ ಅಕ್ಷರ ಕನ್ನಡಿಯೊಳಗಿನ ಹಾಗೆ ತಿರುಗಾಮುರುಗಾ ಇರುತ್ತದೆ. ಇಂಚಣ್ಣನಿಗೆ ಅದನ್ನು ಓದಲು ಬರುತ್ತಿರಲಿಲ್ಲ ಎಂದಲ್ಲ. ಓದುವ ಗೋಜಿಗೇ ಹೋಗುತ್ತಿರಲಿಲ್ಲ. ಭೂಕಂಪವಾಗಿದ್ದರೆ ಅವನಿಗೆ ಅದು ಹನ್ನೆರಡು ಇಂಚು. ಮಂತ್ರಿ ಸತ್ತರೆ ಚಿತ್ರ ಸೇರಿ ಇಪ್ಪತ್ತು. ಅಡುಗೆಯವನು ಉಪ್ಪು ನೋಡದೆ ಸೌಟಿನಲ್ಲೇ ಅಡುಗೆ ಅಳೆದ ಹಾಗೆ.

ಇನ್ನು ಮಸ್ಟ್ ವಿಷಯ. ಶಾಲೆಗೆ ಹೋದ ಮಕ್ಕಳೆಲ್ಲ ಬಲ್ಲ ಸಾಮಾನ್ಯ ಇಂಗ್ಲಿಷ್ ಪದ ಅದು. ಆದರೆ ಹಳೆಯ ಪತ್ರಿಕಾಕಚೇರಿಗಳಲ್ಲಿ ಅದಕ್ಕಿದ್ದ ದರ್ಬಾರು ಯಾವ ಮೇಷ್ಟರಿಗೂ ಗೊತ್ತಿಲ್ಲ. ಸಂಪಾದಕರು ಬರಹದ ಬಲಮೂಲೆಯಲ್ಲಿ ಕೆಂಪು ಪೆನ್ಸಿಲಿನಿಂದ 'ಮಸ್ಟ್' ಎಂದು ಗೀಚಿದರೆ, ಆಕಾಶ ಕಳಚಿ ಪುಟದ ಮೇಲೇ ಬಿದ್ದರೂ ಆ ಸುದ್ದಿ ಅವತ್ತಿನ ಪತ್ರಿಕೆಯಲ್ಲಿ ಬರಲೇಬೇಕು. ಒಂದು ಸಾಲು ಕತ್ತರಿಸುವಂತಿಲ್ಲ, ನಾಳೆಗೆ ದೂಡುವಂತಿಲ್ಲ, ಯಾಕೆ ಎಂದು ಕೇಳುವಂತಿಲ್ಲ. ಆ ಪದ ಮಾತ್ರ ಅಚ್ಚಾಗುತ್ತಿರಲಿಲ್ಲ. ಓದುಗರು ಅದನ್ನು ಜನ್ಮದಲ್ಲಿ ಕಂಡವರಲ್ಲ. ಮನೆಯೊಳಗಿನ ಅತ್ತೆಯ ಹಾಗೆ, ಹೊರಗಿನವರಿಗೆ ಕಾಣದು, ಒಳಗಿನವರಿಗೆ ಬಿಡದು.

ಮಸ್ಟ್ ಇಲ್ಲದ ಸುದ್ದಿಗಳ ಪಾಡು ಬೇರೆ. ಜಾಗವಿದ್ದರೆ ಹೊರಕ್ಕೆ, ಇಲ್ಲದಿದ್ದರೆ ಮೇಜಿನ ಕೆಳಗಿನ 'ಕಾಯುವ ಗ್ಯಾಲಿ'ಗೆ. ಅಲ್ಲಿಗೆ ಹೋದದ್ದು ಎದ್ದು ಬಂದದ್ದನ್ನು ಕಂಡವರು ಕಡಿಮೆ. ನಾನು ಆ ಪತ್ರಿಕೆಗೆ ಮಾರುಕಟ್ಟೆ ಧಾರಣೆ ಬರೆಯುತ್ತಿದ್ದೆ. ಈರುಳ್ಳಿಗೆ ಯಾರು ಮಸ್ಟ್ ಹಾಕುತ್ತಾರೆ? ನಾನು ಬರೆದದ್ದು ಎಷ್ಟು ಸಲ ಆ ಗ್ಯಾಲಿಗೆ ಇಳಿಯಿತೆಂದರೆ, ನಾನು ಪತ್ರಿಕೆಯಲ್ಲಿ ಕೆಲಸ ಮಾಡುತ್ತೇನೆಂದು ನನ್ನ ಮಾವನಿಗೆ ಕೊನೆಯವರೆಗೂ ನಂಬಿಕೆ ಬರಲಿಲ್ಲ.

ಮೊದಮೊದಲು ದಿನಕ್ಕೊಂದು ಮಸ್ಟ್ ಇರುತ್ತಿತ್ತು. ಆಮೇಲೆ ಪತ್ರಿಕೆಯ ಯಜಮಾನರ ಭಾವಮೈದುನ ಬಟ್ಟೆ ಅಂಗಡಿ ತೆರೆದ, ಅದು ಮಸ್ಟ್. ಭಾವಮೈದುನನ ಸ್ನೇಹಿತ ಭಾಷಣ ಮಾಡಿದ, ಅದೂ ಮಸ್ಟ್. ಭಾಷಣ ಕೇಳಿದವರು ಚಪ್ಪಾಳೆ ತಟ್ಟಿದರು, ಅದಕ್ಕೊಂದು ಮಸ್ಟ್. ಕ್ರಮೇಣ ಸಂಪಾದಕರು ಕೆಂಪು ಪೆನ್ಸಿಲನ್ನು ಡಜನ್ ಲೆಕ್ಕದಲ್ಲಿ ತರಿಸತೊಡಗಿದರು. ಕೊನೆಗೊಂದು ದಿನ ಒಂದನೇ ಪುಟಕ್ಕೆ ಬಂದ ಎಲ್ಲ ಸುದ್ದಿಗಳ ಮೇಲೂ ಮಸ್ಟ್ ಇತ್ತು. ಇಂಚಣ್ಣ ಅವನ್ನೆಲ್ಲ ಎತ್ತಿಕೊಂಡು ಮಹಡಿ ಹತ್ತಿ ಹೋದ.

"ಸಾರ್, ಇದರಲ್ಲಿ ಯಾವ ಮಸ್ಟು ಜಾಸ್ತಿ ಮಸ್ಟು?"

ಸಂಪಾದಕರು ಯೋಚಿಸಿ, ನಾಲ್ಕರ ಮೇಲೆ ಎರಡು ಸಲ ಮಸ್ಟ್ ಬರೆದರು. ಮಾರನೆಯ ವಾರದೊಳಗೆ ಎಲ್ಲವೂ ಎರಡು ಮಸ್ಟಿನವಾದವು. ಆಮೇಲೆ ಮೂರು. ಬರಹಕ್ಕಿಂತ ಮಸ್ಟೇ ಉದ್ದವಾಗಿ, ಒಂದು ಸಲ ಹೊಸಬನೊಬ್ಬ ಸುದ್ದಿಯನ್ನು ಬಿಟ್ಟು ಮಸ್ಟುಗಳನ್ನೇ ಮೊಳೆ ಜೋಡಿಸಿ ತಂದಿದ್ದ ಎಂದು ಹೇಳಿದರೆ ನೀವು ನಂಬುವುದಿಲ್ಲ. ನಂಬಬೇಡಿ. ಆದರೆ ಮೂರು ಮಸ್ಟಿನದು ಮಾತ್ರ ನಿಜ.

ಈ ಜಾಡ್ಯ ಇಂಚಣ್ಣನ ಮನೆಗೂ ಅಂಟಿತ್ತು. ಗಂಡನಿಗೆ ಏನು ಹೇಳಿದರೂ "ಜಾಗ ಇದ್ರೆ ನೋಡೋಣ" ಎಂದು ತಲೆಯೊಳಗಿನ ಕಾಯುವ ಗ್ಯಾಲಿಗೆ ಹಾಕಿಬಿಡುತ್ತಾನೆ ಎಂದು ಹೆಂಡತಿ ಬಲುಬೇಗ ಕಂಡುಕೊಂಡಳು. ಆಮೇಲೆ ಅವಳೂ ಶುರುಮಾಡಿದಳು. "ರೀ, ಸೋಪು ಮುಗಿದಿದೆ, ಮಸ್ಟು." "ನಲ್ಲಿ ಸೋರ್ತಿದೆ, ಎರಡು ಮಸ್ಟು." ಊಟದ ಡಬ್ಬಿಯ ಮುಚ್ಚಳದೊಳಗೆ ಚೀಟಿ ಅಂಟಿಸುತ್ತಿದ್ದಳು: ಬಿಳಿ ದಾರ, ಮಸ್ಟ್. ಇಂಚಣ್ಣ ಸರಿಯಾಗಿ ತರುತ್ತಿದ್ದ. ಅವಳ ಗಂಡನನ್ನು ಪಳಗಿಸಿದ್ದು ಪ್ರೀತಿಯಲ್ಲ, ಪತ್ರಿಕೆ.

ಮನೆಯಲ್ಲಿ ಮೂರನೆಯವರು ಇಂಚಣ್ಣನ ಅಪ್ಪ. ಕೈಗಡಿಯಾರ ರಿಪೇರಿ ಮಾಡುತ್ತಿದ್ದವರು. ಒಂದು ಕಾಲಕ್ಕೆ ಅರ್ಧ ಊರಿನ ಹೊತ್ತು ಅವರ ಕೈಯಲ್ಲಿತ್ತು. ಅವರು ಸೀನಿದರೆ ಊರಿನವರೆಲ್ಲ ಒಂದು ನಿಮಿಷ ಹಿಂದೆ ಬೀಳುತ್ತಿದ್ದರಂತೆ. ಅಂಗಡಿ ಮುಚ್ಚಿ ವರ್ಷಗಳಾಗಿದ್ದವು. ಈಚೆಗೆ ಅವರಿಗೆ ಮರೆವು. ಬೆಳಿಗ್ಗೆ ತಿಂದದ್ದು ಮಧ್ಯಾಹ್ನಕ್ಕೆ ನೆನಪಿಲ್ಲ, ಸೊಸೆಯನ್ನು ಒಮ್ಮೊಮ್ಮೆ "ಯಾರಮ್ಮ ನೀನು, ಗಡಿಯಾರ ತಂದಿದೀಯಾ?" ಎಂದು ಕೇಳುವರು. ಅವಳು, "ಹೂಂ ಮಾವ, ಓಡ್ತಾನೇ ಇಲ್ಲ, ನೋಡಿ" ಎಂದು ತನ್ನ ಕೈಯನ್ನೇ ಚಾಚುವಳು. ಅವರು ಅದನ್ನು ಹಿಡಿದು ಕಿವಿಗಿಟ್ಟುಕೊಂಡು, "ಓಡ್ತಿದೆಯಲ್ಲಮ್ಮ, ಚೆನ್ನಾಗೇ ಓಡ್ತಿದೆ" ಎಂದು ಸಮಾಧಾನ ಹೇಳುವರು.

ಎಷ್ಟು ಮರೆತರೂ ಒಂದನ್ನು ಮಾತ್ರ ಅವರು ಮರೆತಿರಲಿಲ್ಲ. ಸಂಜೆ ಪತ್ರಿಕೆ ಬರುತ್ತಲೇ ಗಡಿಯಾರದವರ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಪತ್ರಿಕೆಯ ಹೆಸರಿನಿಂದ ಹಿಡಿದು ಕೊನೆಯ ಪುಟದ ಅಡಿಯಲ್ಲಿ ಮುದ್ರಕರ ವಿಳಾಸದವರೆಗೆ ಒಂದಕ್ಷರ ಬಿಡದೆ ಗಟ್ಟಿಯಾಗಿ ಓದುವುದು. ಓದಿ ಮುಗಿಸಿ ಯಾರಿದ್ದರೆ ಅವರಿಗೆ, "ಇದನ್ನ ನನ್ನ ಮಗ ಕಟ್ತಾನೆ" ಎನ್ನುವುದು. ಮಗ ಎದುರಿಗೇ ಕೂತಿದ್ದರೆ ಅವನಿಗೂ ಹೇಳುವರು.

ಚಳಿಗಾಲದ ಒಂದು ಬೆಳಿಗ್ಗೆ ಇಂಚಣ್ಣ ಕೆಲಸಕ್ಕೆ ಬಂದ ಮೇಲೆ ಅಪ್ಪ ಬೀದಿಯ ಕೊನೆಯವರೆಗೆ ಹೋಗಿ ಬರುತ್ತೇನೆಂದು ಕೋಟು ಹಾಕಿಕೊಂಡು ಹೊರಟವರು ವಾಪಸು ಬರಲಿಲ್ಲ. ಸೊಸೆ ಒಲೆ ಆರಿಸಿ ಹುಡುಕಲು ಹೊರಟಳು. ಪಾರ್ಕು, ಬಸ್ಸು ನಿಲ್ಲುವ ಜಾಗ, ಔಷಧಿ ಅಂಗಡಿ, ಎಲ್ಲ ನೋಡಿದಳು. ಪೊಲೀಸರಿಗೂ ಹೇಳಿದಳು. ಅಂಚೆಕಚೇರಿಯಿಂದ ಪತ್ರಿಕೆಗೆ ಫೋನು ಮಾಡಿದರೆ ಅದು ಎಂಗೇಜು; ನಮ್ಮಲ್ಲಿ ಇದ್ದದ್ದೇ ಒಂದು ಫೋನು, ಅದರಲ್ಲಿ ಭಾವಮೈದುನನ ಸ್ನೇಹಿತ ಹೊಸ ಭಾಷಣ ಹೇಳಿ ಬರೆಸುತ್ತಿದ್ದ. ಅವಳು ಅಲ್ಲೇ ಒಂದು ಕಾಗದದ ಮೇಲೆ ಮಾವನ ಹೆಸರು, ಚಹರೆ, ಬಟ್ಟೆ ಎಲ್ಲ ಬರೆದು, ನಮ್ಮ ಕಚೇರಿಯ ಕಡೆ ಹೊರಟಿದ್ದ ಮೇಲಿನ ಮಹಡಿಯ ನೆರೆಯವನ ಕೈಯಲ್ಲಿ ಕೊಟ್ಟು ಕಳಿಸಿ, ತಾನು ಕಾಲುವೆ ರಸ್ತೆಯ ಕಡೆ ಓಡಿದಳು. ಪತ್ರಿಕೆ ಕಟ್ಟುವವನೇ ತನ್ನ ಗಂಡ, ಅವನ ಅಪ್ಪನ ಸುದ್ದಿ ಬರದೆ ಇರುತ್ತದೆಯೇ ಎಂಬ ಧೈರ್ಯ.

ನೆರೆಯವನು ಅದನ್ನು ಕೆಳಗಿನ ಕೌಂಟರಿನಲ್ಲಿ ಕೊಟ್ಟು ತನ್ನ ದಾರಿ ಹಿಡಿದ. ಕೌಂಟರಿನವನು ಬುಟ್ಟಿಗೆ ಹಾಕಿದ. ಬುಟ್ಟಿಯಿಂದ ಅದು ಮೊಳೆ ಜೋಡಿಸುವವನಿಗೆ ಹೋಯಿತು. ಮೊಳೆ ಜೋಡಿಸುವವನಿಗೆ ಅಕ್ಷರ ಕಾಣುತ್ತದೆ, ಅರ್ಥ ಕಾಣುವುದಿಲ್ಲ. ಪ್ರೂಫ್ ನೋಡುವವನಿಗೆ ತಪ್ಪು ಕಾಣುತ್ತದೆ, ಮನುಷ್ಯ ಕಾಣುವುದಿಲ್ಲ. ಇಂಚಣ್ಣನ ಅಪ್ಪ ಎಂದಿದ್ದರೆ ಇಬ್ಬರೂ ಹೌಹಾರುತ್ತಿದ್ದರು. ಅದರಲ್ಲಿದ್ದದ್ದು ಅವರ ನಿಜವಾದ ಹೆಸರು. ಅದು ಯಾರಿಗೆ ಗೊತ್ತು! ಹೀಗೆ ಆ ಸುದ್ದಿ ಸೀಸವಾಗಿ ಇಂಚಣ್ಣನ ಮೇಜಿಗೆ ಬಂತು. ಇಂಚಣ್ಣ ನೋಡಿದ. ಎರಡೂವರೆ ಇಂಚು. ಜೊತೆಗಿದ್ದ ಬರಹದ ಮೂಲೆ ನೋಡಿದ. ಮಸ್ಟ್ ಇಲ್ಲ. ಪುಟದಲ್ಲಿ ಕೂದಲೆಳೆಯಷ್ಟೂ ಜಾಗವಿಲ್ಲ. ಎತ್ತಿ ಕಾಯುವ ಗ್ಯಾಲಿಗೆ ಇಳಿಸಿ, ಪುಟ ಬಿಗಿದು, ಅಂಗೈಯಿಂದ ಪೆಟ್ಟು ಕೊಟ್ಟು, "ಹೋಗಮ್ಮ, ಗಂಡನ ಮನೆಗೆ" ಅಂದ.

ಯಂತ್ರದವನ ಹೆಸರು ಗುಡುಗು. ಯಂತ್ರದ ಸದ್ದಿನ ಪಕ್ಕದಲ್ಲೇ ಬಾಳಿ ಬದುಕಿದ್ದರಿಂದ ಅವನು ಗುಟ್ಟು ಹೇಳಿದರೂ ಮೂರು ಬೀದಿಗೆ ಕೇಳುತ್ತಿತ್ತು. ಅವನು ಯಂತ್ರ ಶುರುಮಾಡಿ ಕೆಲವು ನೂರು ಪ್ರತಿ ಹೊರಗೆ ಬಂದಿರಬೇಕು, ಇಂಚಣ್ಣನ ಹೆಂಡತಿ ಬಾಗಿಲಲ್ಲಿ ಕಾಣಿಸಿದಳು. ಕಾಲಲ್ಲಿ ಎರಡು ಬೇರೆ ಬೇರೆ ಜೊತೆಯ ಚಪ್ಪಲಿ.

"ಹಾಕಿದ್ರಾ?" ಅಂದಳು.

"ಏನನ್ನ?"

"ಏನನ್ನ ಅಂದ್ರೆ? ಮಾವನ ಸುದ್ದೀನ! ಎಲ್ಲೂ ಸಿಗ್ಲಿಲ್ಲ ಕಣ್ರೀ. ಕಾಲುವೆ ಹತ್ರನೂ ಹೋಗಿ ಬಂದೆ. ಮಧ್ಯಾಹ್ನದ ಮಾತ್ರೆ ತೊಗೊಂಡಿಲ್ಲ, ಕತ್ತಲಾದ್ಮೇಲೆ ಈ ಚಳೀಲಿ..." ಎಂದವಳು ಗಂಡನ ಮುಖ ನೋಡಿ ನಿಲ್ಲಿಸಿದಳು. "ನಿಮಗೆ ಗೊತ್ತೇ ಇಲ್ವಾ? ಬರೆದು ಕಳಿಸಿದ್ದೆನಲ್ಲ! ಉದ್ದ ಮೂಗು, ಕಂದು ಕೋಟು, ಒಂದೇ ಒಂದು ನೀಲಿ ಗುಂಡಿ..."

ಇಂಚಣ್ಣನ ಬಾಯಿಂದ ಬಂದದ್ದು ಒಂದೇ ಮಾತು: "ಎರಡೂವರೆ ಇಂಚು."

"ಏನು?"

"ಅದರ ಮೇಲೆ ಮಸ್ಟ್ ಇರ್ಲಿಲ್ಲ."

ನಾನು ಅಲ್ಲೇ ಇದ್ದೆ. ಆ ಹೆಂಗಸು ಕಿರುಚಿದ್ದರೆ ಚೆನ್ನಾಗಿತ್ತು. ಕಿರುಚಲಿಲ್ಲ. ಮೇಜಿನ ಅಂಚು ಹಿಡಿದುಕೊಂಡು, "ಸೋಪಿಗೆ ಬರೀತಿದ್ದೆ, ದಾರಕ್ಕೆ ಬರೀತಿದ್ದೆ," ಅಂದಳು. "ಮಾವನಿಗೆ ಬರೀಲಿಲ್ವಲ್ಲ."

ಇಂಚಣ್ಣ ಮೇಜಿನ ಕೆಳಗೆ ಬಗ್ಗಿ ಕಾಯುವ ಗ್ಯಾಲಿಯನ್ನು ಹೊರಗೆಳೆದ. ಅದರಲ್ಲಿ ಎರಡೂವರೆ ಇಂಚಿನವು ಒಂದೆರಡಲ್ಲ. ಅಳತೆಯಿಂದ ಹುಡುಕಿದರೆ ಸಿಗುವ ಹಾಗಿರಲಿಲ್ಲ. ಅವನು ಮೊದಲ ಸಲ ಓದಬೇಕಾಯಿತು. ಬೆರಳಿಟ್ಟು, ತುಟಿ ಅಲ್ಲಾಡಿಸುತ್ತ, ತಿರುಗಾಮುರುಗಾ ಅಕ್ಷರಗಳನ್ನು ಓದುತ್ತ ಹೋದ. ಕಾಣೆಯಾಗಿದ್ದಾಳೆ: ಕೆಂಪು ಸ್ವೆಟರು, ಎಡಗೆನ್ನೆಯ ಮೇಲೆ ಮಚ್ಚೆ. ಕಾಣೆಯಾಗಿದ್ದಾರೆ: ಮಾತು ಬರುವುದಿಲ್ಲ, ಕರೆದರೆ ನಗುತ್ತಾರೆ. ಕಾಣೆಯಾಗಿದ್ದಾನೆ: ಮನೆಯವರು ಬೈಯುವುದಿಲ್ಲ, ಬಾ. ಕೆಲವುದರ ಮೇಲೆ ಬೆರಳು ಮುಳುಗುವಷ್ಟು ಧೂಳಿತ್ತು. ಎಲ್ಲವನ್ನೂ ಅವನೇ ತನ್ನ ಕೈಯಾರೆ ಅಲ್ಲಿ ಇಳಿಸಿದ್ದ. ಕೊನೆಯಲ್ಲಿ, ಇನ್ನೂ ಮಸಿಯ ಪಸೆ ಆರದ ಸೀಸದಲ್ಲಿ ಅಪ್ಪ ಸಿಕ್ಕರು.

ಅವನು ಎದ್ದು ನೇರವಾಗಿ ಯಂತ್ರದ ಬಳಿ ಹೋದ.

"ನಿಲ್ಸು."

"ಏನಂದೆ?" ಗುಡುಗು ಗುಡುಗಿದ.

"ಮಿಷನ್ ನಿಲ್ಸು!"

"ತಲೆ ಕೆಟ್ಟಿದೆಯಾ? ದೊಡ್ಡವರು ಹೇಳ್ದೆ ನಾನು ನಮ್ಮಪ್ಪ ಬಂದು ಹೇಳಿದ್ರೂ ನಿಲ್ಸಲ್ಲ!"

"ನಮ್ಮಪ್ಪನಿಗೋಸ್ಕರ ನಿಲ್ಸೋ!"

ಗುಡುಗು ಅವನ ಮುಖ ನೋಡಿದ, ಅವನ ಕೈಯಲ್ಲಿದ್ದ ಸೀಸ ನೋಡಿದ. ಏನೂ ಅರ್ಥವಾಗದಿದ್ದರೂ ಕೈ ತಾನಾಗಿ ಹಿಡಿ ಎಳೆಯಿತು. ಯಂತ್ರ ನರಳಿ, ಏದುಸಿರು ಬಿಟ್ಟು, ನಿಂತಿತು.

ಸಂಪಾದಕರು ಮಧ್ಯಾಹ್ನ ಮಹಡಿಯ ಕೋಣೆಯಲ್ಲಿ ಆರಾಮಕುರ್ಚಿಯ ಮೇಲೆ ಮಲಗುವವರು. ಯಂತ್ರದ ಸದ್ದೇ ಅವರಿಗೆ ಜೋಗುಳ. ಕಟ್ಟಡ ಕುಸಿದರೂ ಏಳದ ಮನುಷ್ಯ, ಸದ್ದು ನಿಂತ ತಕ್ಷಣ ಚೇಳು ಕುಟುಕಿದವರಂತೆ ಎದ್ದರು. ಅವರು ಮೆಟ್ಟಿಲಿಳಿದು ಬರುವಷ್ಟರಲ್ಲಿ ಇಂಚಣ್ಣ ಪುಟವನ್ನು ಮೇಜಿಗೆ ವಾಪಸು ತರಿಸಿ, ಬಿಗಿ ಸಡಿಲಿಸಿ, ಒಂದನೇ ಪುಟದ ನಡುಮಧ್ಯದಿಂದ ಎರಡು ಕಾಲಂ ಅಗಲದ ದೊಡ್ಡ ತುಂಡೊಂದನ್ನು ಎರಡೂ ಕೈಯಲ್ಲಿ, ಮಲಗಿದ ಮಗುವನ್ನು ಎತ್ತಿದ ಹಾಗೆ, ಎತ್ತಿ ಹಿಡಿದಿದ್ದ. ಅದು ಸಂಪಾದಕರೇ ಬರೆಯುತ್ತಿದ್ದ ವಾರದ ಲೇಖನ. ಮೂರು ಮಸ್ಟಿನದು. ಆ ವಾರದ ತಲೆಬರಹ: ಮೌನದ ಮಹತ್ವ.

"ಯಾರು ಮಿಷನ್ ನಿಲ್ಸಿದ್ದು?" ಸಂಪಾದಕರು ಕೇಳಿದರು. ಕಣ್ಣು ಇಂಚಣ್ಣನ ಕೈಗೆ ಹೋಯಿತು. "ಏನದು ನಿನ್ನ ಕೈಯಲ್ಲಿ?"

"ಮೌನ, ಸಾರ್. ತೆಗೆದೆ."

"ಅದರ ಮೇಲೇನು ಬರೆದಿದೀನಿ ನೋಡಯ್ಯ! ಮೂರು ಸಲ!"

"ಗೊತ್ತು ಸಾರ್." ಇಂಚಣ್ಣನ ಕೈಯಿಂದ ಸೀಸದ ಒಂದು ಸಾಲೂ ಜಾರಲಿಲ್ಲ. "ಇಷ್ಟು ವರ್ಷದಲ್ಲಿ ನಿಮ್ಮ ಮಸ್ಟ್ ಒಂದನ್ನೂ ಬಿಟ್ಟಿಲ್ಲ ನಾನು. ಇವತ್ತು ಬಿಡ್ತಿದೀನಿ. ನಾಳೆಯಿಂದ ಬರಬೇಡ ಅಂದ್ರೆ ಬರಲ್ಲ. ಇವತ್ತಿಂದು ಮಾತ್ರ ಆಗಿಹೋಗ್ಲಿ."

ಯಜಮಾನರ ಕಿವಿಗೆ ಬಿದ್ದರೆ ಕೆಲಸ ಹೋಗುವುದು ಖಂಡಿತ ಎಂದು ನಮಗೆಲ್ಲ ಗೊತ್ತಿತ್ತು. ಯಾರೂ ಉಸಿರೆತ್ತಲಿಲ್ಲ. ಮೌನದ ಮಹತ್ವವೋ ಏನೋ. ಇಂಚಣ್ಣನ ಹೆಂಡತಿ ಮುಂದೆ ಬಂದು, ಮೇಜಿನ ಮೇಲಿದ್ದ ಆ ಸುದ್ದಿಯ ಪ್ರೂಫ್ ಹಾಳೆಯನ್ನು ಸಂಪಾದಕರ ಕೈಗೆ ಕೊಟ್ಟಳು.

"ಓದಿ ಸಾರ್. ನಮ್ಮ ಮಾವ. ನಿಮ್ಮ ಪತ್ರಿಕೆಯ ಪ್ರತಿಯೊಂದು ಅಕ್ಷರ ಓದ್ತಾರೆ. ನೀವು ಬರೆದಿದ್ದನ್ನೂ."

ಸಂಪಾದಕರು ಓದಿದರು. ಇನ್ನೊಮ್ಮೆ ಓದಿದರು. "ನಾನು ಬರೆದಿದ್ದನ್ನೂ ಓದ್ತಾರಾ?" ಎಂದು ಮೆಲ್ಲಗೆ ಕೇಳಿದರು.

"ಪೂರ್ತಿ, ಸಾರ್. ಗಟ್ಟಿಯಾಗಿ."

ಅವರು ಕಿವಿಯ ಮೇಲಿನ ಕೆಂಪು ಪೆನ್ಸಿಲಿಗೆ ಕೈ ಹಾಕಿದರು. ಅದು ಸವೆದು ಸವೆದು ಕಡಲೆಕಾಳಿನಷ್ಟಾಗಿತ್ತು. ಬೆರಳಿಗೆ ಸಿಗದೆ ಜಾರಿ ನೆಲಕ್ಕೆ ಬಿದ್ದು, ಯಂತ್ರದ ಅಡಿಗೆ ಉರುಳಿಹೋಯಿತು. ಅವರು ಅದು ಹೋದ ದಿಕ್ಕನ್ನು ನೋಡಿ, ನಮ್ಮ ಕಡೆ ತಿರುಗಿದರು.

"ಎರಡೂವರೆ ಇಂಚು ಯಾರ ಕಣ್ಣಿಗೆ ಬೀಳತ್ತೆ? ದಪ್ಪಕ್ಷರದಲ್ಲಿ ಜೋಡಿಸ್ರಿ. ಎರಡು ಕಾಲಂ. ಸುತ್ತ ಗೆರೆ ಹಾಕಿ. ಕಂಡವರು ಪತ್ರಿಕಾ ಕಚೇರಿಗೆ ಕರೆತನ್ನಿ ಅಂತ ವಿಳಾಸ ಸೇರಿಸಿ. ನಿಂತ್ಕೊಂಡು ಏನ್ ನೋಡ್ತಿದೀರಾ? ಮಸ್ಟ್! ಮಸ್ಟ್!"

ಬರೆದೇ ಅಭ್ಯಾಸವಾಗಿದ್ದ ಆ ಪದವನ್ನು ಅವರು ಬಾಯಿಬಿಟ್ಟು ಕೂಗಿದ್ದು ನಾನು ಕೇಳಿದ್ದು ಅದೇ ಮೊದಲು.

ಎಲ್ಲರೂ ಒಟ್ಟಿಗೆ ಕೈ ಹಚ್ಚಿದರು. ಮದುವೆಮನೆಯಲ್ಲೂ ಅಷ್ಟು ಕೈ ಒಂದೇ ಕೆಲಸಕ್ಕೆ ಬೀಳುವುದಿಲ್ಲ. ಪ್ರೂಫಿನವನು ಈ ಸಲ ಮನುಷ್ಯನನ್ನು ನೋಡಿ ಓದಿದ. ಮೌನ ಹೋದ ಜಾಗದಲ್ಲಿ ಅಪ್ಪ ಕೂತರು, ಮೊದಲು ಅಚ್ಚಾಗಿದ್ದ ಪ್ರತಿಗಳು ರದ್ದಿಗೆ ಹೋದವು. ಪುಟ ಬಿಗಿದ ಇಂಚಣ್ಣ ಪೆಟ್ಟು ಕೊಡಲು ಎತ್ತಿದ ಅಂಗೈಯನ್ನು ಸುಮ್ಮನೆ ಮೇಲಿಟ್ಟು ತೆಗೆದ. ಪತ್ರಿಕೆ ಹೊತ್ತ ಸೈಕಲ್ಲುಗಳು ನಾಲ್ಕು ದಿಕ್ಕಿಗೆ ಹೋದವು. ಗುಡುಗು ಅಚ್ಚು ಮುಗಿಸಿ ಹೊರಗೆ ನಿಂತು ನೀಲಿ ಗುಂಡಿಯ ಕಂದು ಕೋಟು ಎಂದು ತಾನೇ ಕೂಗಿದ. ಅವನ ಕೂಗು ಪಕ್ಕದೂರಿಗೂ ಕೇಳಿ, ಅಲ್ಲಿನವರು ಕಂದು ಕೋಟು ತೊಟ್ಟವರನ್ನೆಲ್ಲ ಹಿಡಿದು ಕೂರಿಸಿದ್ದರಂತೆ.

ಇತ್ತ ಅಪ್ಪ ಎಲ್ಲಿದ್ದರು? ಊರಿನ ಇನ್ನೊಂದು ತುದಿಯಲ್ಲಿ, ತಮ್ಮ ಅಂಗಡಿಯಲ್ಲಿ. ಅಂದರೆ ಒಂದು ಕಾಲಕ್ಕೆ ಅವರ ಅಂಗಡಿಯಾಗಿದ್ದ, ಈಗ ಕ್ಷೌರದಂಗಡಿಯಾಗಿರುವ ಜಾಗದಲ್ಲಿ. ಕ್ಷೌರಿಕನಿಗೆ ಅವರ ಗುರುತಿಲ್ಲ, ಗಡಿಯಾರದಂಗಡಿ ಮುಚ್ಚಿದ ಮೇಲೆ, ಮೀಸೆ ಇನ್ನೂ ಸರಿಯಾಗಿ ಬಾರದ ವಯಸ್ಸಿನಲ್ಲಿ ಬಂದು ಅಲ್ಲೇ ಮೀಸೆ ಬೆಳೆಸಿಕೊಂಡವನು. ಬೆಳಿಗ್ಗೆ ಬಾಗಿಲು ತೆಗೆಯುವಾಗಲೇ ಈ ಹಿರಿಯರು ಒಳಗೆ ಬಂದು ಕುರ್ಚಿಯಲ್ಲಿ ಕೂತು, "ಗಡಿಯಾರದಂಗಡೀಲಿ ಕತ್ತರಿ ಯಾಕಪ್ಪ?" ಎಂದು ಕೇಳಿದರಂತೆ. ಮನೆ ಎಲ್ಲಿ ಅಜ್ಜ ಎಂದರೆ, "ನನ್ನ ಅಂಗಡಿಗೆ ಬಂದು ನನ್ನನ್ನೇ ಮನೆಗೆ ಹೋಗು ಅಂತೀಯಾ?" ಎಂದು ಗದರಿದರಂತೆ. ಅವನು ಚಹಾ ತರಿಸಿ ಕೊಟ್ಟು, ಬ್ರೆಡ್ಡು ತಿನ್ನಿಸಿ, ಗಿರಾಕಿಗಳ ಜೊತೆ ಕೂರಿಸಿಕೊಂಡಿದ್ದ. ಅಂಗಡಿ ಮುಚ್ಚುವ ಹೊತ್ತಿಗೆ ಠಾಣೆಗೆ ಕರೆದುಕೊಂಡು ಹೋದರಾಯಿತು ಎಂದುಕೊಂಡಿದ್ದ.

ಪತ್ರಿಕೆ ಬಂತು. ಹಿರಿಯರು ಜೇಬಿನಿಂದ ಭೂತಗನ್ನಡಿ ತೆಗೆದು ಕಣ್ಣಿಗೆ ಸಿಕ್ಕಿಸಿಕೊಂಡು ಓದಲು ಹಿಡಿದರು. ಹೆಸರು, ತಾರೀಕು, ಬೆಲೆ. ಅನಂತರ ನಡುವಿನ ಗೆರೆ ಹಾಕಿದ ಚೌಕ.

"ಕಾಣೆಯಾಗಿದ್ದಾರೆ," ಎಂದು ಗಟ್ಟಿಯಾಗಿ ಓದಿದರು. "ಛೆ ಛೆ. ನನ್ನ ಹೆಸರಿನವರೇ ಯಾರೋ. ಪಾಪ, ವಯಸ್ಸಾದವರು ಕಣಪ್ಪ. ಮರೆವು ಬೇರೆ ಇದೆಯಂತೆ. ಉದ್ದ ಮೂಗು. ಕಂದು ಕೋಟು. ಮೇಲಿಂದ ಮೂರನೇ ಗುಂಡಿ ನೀಲಿ. ಈ ಚಳೀಲಿ ಎಲ್ಲಿದಾರೋ. ಮನೆಯವರಾದ್ರೂ ಎಂಥವರು, ಹೀಗೆ ಬಿಡೋದಾ?"

ಕ್ಷೌರಿಕ ಒಬ್ಬನ ಅರ್ಧ ಗಡ್ಡ ಬೋಳಿಸಿದ್ದವನು ಹಾಗೇ ತಿರುಗಿ ನೋಡಿದ. ಮೂಗು ನೋಡಿದ. ಕೋಟು ನೋಡಿದ. ಮೇಲಿಂದ ಗುಂಡಿ ಎಣಿಸಿದ.

"ಅಜ್ಜ, ಅವರನ್ನ ಹುಡುಕೋಣ್ವಾ?" ಅಂದ. ಜಾಣ.

"ಮತ್ತೆ? ಕೂತಿದ್ರೆ ಆಗತ್ತಾ? ನಡಿ ನಡಿ. ಇದನ್ನ ನನ್ನ ಮಗ ಕಟ್ತಾನೆ. ಮೊದಲು ಅವನ ಹತ್ರ ಹೋಗಿ ಕೇಳೋಣ, ಏನಾದ್ರೂ ಗೊತ್ತಿರತ್ತೆ."

ಹೀಗೆ, ಬೀದಿದೀಪ ಹತ್ತುವ ಮೊದಲೇ, ನಮ್ಮ ಅಚ್ಚುಕೂಟದ ಬಾಗಿಲಲ್ಲಿ ಕಂದು ಕೋಟು, ಅದರ ಹಿಂದೆ ಕ್ಷೌರಿಕ, ಅವನ ಹಿಂದೆ ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡ ಅರ್ಧ ಗಡ್ಡದ ಗಿರಾಕಿ, ಮೂವರೂ ಕಾಣಿಸಿಕೊಂಡರು. ಅಪ್ಪನ ಕಂಕುಳಲ್ಲಿ ಪತ್ರಿಕೆ.

"ಮಗಾ," ಅಂದರು ಅಪ್ಪ, ಉಬ್ಬಸ ಬಿಡುತ್ತ. "ಯಾರೋ ಕಳೆದುಹೋಗಿದಾರಂತಲ್ಲೋ! ಇಲ್ಲಿ ಯಾರೂ ಹುಡುಕ್ತಾನೇ ಇಲ್ಲ, ಎಲ್ಲ ನಿಂತಿದೀರಿ!"

ಇಂಚಣ್ಣ ಅಪ್ಪನಿಗೆ ಒಂದು ಸ್ಟೂಲು ಎಳೆದು ಹಾಕಿದ. ಅವನ ಹೆಂಡತಿ ಓಡಿ ಹೋಗಿ ಮಾವನ ಕೋಟಿನ ಗುಂಡಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು, ಮನುಷ್ಯ ಪೂರ್ತಿ ಇದ್ದಾರೆಯೇ ಎಂದು ಲೆಕ್ಕ ಹಾಕುವಂತೆ. ಅಳುತ್ತಲೇ ನಕ್ಕಳು.

"ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲ ಹುಡುಕಿದ್ರಂತೆ ಅಂತಾರಲ್ಲ ಮಾವ, ಇಲ್ಲಿ ಕೂಸೇ ಹುಡುಕೋಕೆ ಹೊರಟಿದೆ."

"ಯಾರಮ್ಮ ನೀನು? ಅಳಬೇಡ. ನಿಮ್ಮ ಕಡೆಯವರಾ ಅವರು? ಸಿಗ್ತಾರೆ ಬಿಡು."

"ಸಿಕ್ಕಿದ್ರು ಮಾವ," ಅಂದಳು. "ಈಗ ತಾನೇ ಸಿಕ್ಕಿದ್ರು."

"ಒಳ್ಳೇದಾಯ್ತು," ಎಂದು ಅಪ್ಪ ನಿಟ್ಟುಸಿರು ಬಿಟ್ಟು, ಪೇಪರಿನ ಉಳಿದ ಭಾಗ ಓದಲು ಅಲ್ಲೇ ಸ್ಟೂಲಿನ ಮೇಲೆ ಕೂತರು. ಗಿರಾಕಿಯ ಉಳಿದರ್ಧ ಗಡ್ಡವನ್ನು ಕ್ಷೌರಿಕ ನಮ್ಮ ಕೈತೊಳೆಯುವ ತೊಟ್ಟಿಯ ಬಳಿ ಬೋಳಿಸಿ ಮುಗಿಸಿದ.

ಮಾರನೆಯ ದಿನ ಇಂಚಣ್ಣನನ್ನು ಯಾರೂ ಮನೆಗೆ ಕಳಿಸಲಿಲ್ಲ. ಯಜಮಾನರು ಬಂದು, ಮಿಷನ್ ನಿಲ್ಲಿಸಿದ್ದು ಯಾರು ಎಂದು ಕೇಳಿದಾಗ ಸಂಪಾದಕರು, "ನಾನೇ" ಅಂದುಬಿಟ್ಟರು. 'ಮೌನದ ಮಹತ್ವ' ಬಾರದ್ದಕ್ಕೆ ಓದುಗರು ಏನನ್ನುತ್ತಾರೋ ಎಂದು ಅವರಿಗೆ ಒಳಗೊಳಗೇ ಅಳುಕಿತ್ತು. ಯಾರೂ ಏನೂ ಅನ್ನಲಿಲ್ಲ. ಅವರ ಹೆಂಡತಿ ಮಾತ್ರ ರಾತ್ರಿ ಊಟಕ್ಕೆ ಬಡಿಸುತ್ತ, "ಈ ವಾರದ ನಿಮ್ಮ ಲೇಖನ ತುಂಬ ಚೆನ್ನಾಗಿತ್ತು ಕಣ್ರೀ" ಎಂದರಂತೆ. ಇದನ್ನು ಸಂಪಾದಕರೇ ಬಂದು ನಮಗೆ ಹೇಳಿದರು, ಹೇಳಿ ತಾವೇ ಹೊಟ್ಟೆ ಹಿಡಿದು ನಕ್ಕರು. ಅವರು ನಕ್ಕದ್ದನ್ನು ನೋಡಲು ಪಕ್ಕದ ಕೋಣೆಯವರೆಲ್ಲ ಬಂದಿದ್ದರು.

ಅವತ್ತೇ ಇಂಚಣ್ಣ ಕಾಯುವ ಗ್ಯಾಲಿಯನ್ನು ಎತ್ತಿ ತಂದು ಸಂಪಾದಕರ ಮೇಜಿನ ಮೇಲಿಟ್ಟ. ಸೀಸದ ಧೂಳು ಅವರ ಬಿಳಿ ಕಾಗದಗಳ ಮೇಲೆಲ್ಲ ಬಿತ್ತು.

"ಸಾರ್, ಇವರೆಲ್ಲ ಇನ್ನೂ ಮನೆಗೆ ಹೋಗಿಲ್ಲ."

ಸಂಪಾದಕರು ಬಹಳ ಹೊತ್ತು ಅದರ ಮೇಲೆ ಬಗ್ಗಿದ್ದರು. ಮಾರನೆಯ ವಾರದಿಂದ ಒಂದನೇ ಪುಟದ ನಡುವೆ, ಅವರ ಲೇಖನವಿರುತ್ತಿದ್ದ ಜಾಗದಲ್ಲೇ, ದಿನವೂ ಗೆರೆ ಹಾಕಿದ ಒಂದು ಚೌಕ ಬರತೊಡಗಿತು. ಅಲ್ಲಿ ಕಾಣೆಯಾದವರು ಮಾತ್ರ. ಅವರ ಮೇಲೆ ಮಸ್ಟ್ ಬರೆಯಬೇಕಾಗಿರಲಿಲ್ಲ. ಆ ಜಾಗವೇ ಮಸ್ಟ್. ಲೇಖನ ಕೊನೆಯ ಪುಟಕ್ಕೆ ಹೋಯಿತು, ಭಾವಮೈದುನ ಮೂರನೇ ಪುಟಕ್ಕೆ. ಆಮೇಲೆ ಒಂದೊಂದು ಕೆಂಪು ಪೆನ್ಸಿಲೂ ಬಹಳ ಕಾಲ ಬಾಳಿಕೆ ಬಂತು. ನನ್ನ ಈರುಳ್ಳಿ ಮಾತ್ರ ಕಾಯುವ ಗ್ಯಾಲಿಯಲ್ಲೇ ಉಳಿಯಿತು, ಇರಲಿ. ಹಳೆಯ ಸುದ್ದಿಗಳಲ್ಲಿದ್ದ ಎಲ್ಲರೂ ಸಿಕ್ಕರು ಎಂದರೆ ಅದು ನನ್ನ ಬಾಯಲ್ಲೂ ದೊಡ್ಡ ಸುಳ್ಳಾಗುತ್ತದೆ. ಆದರೆ ಮಾತು ಬಾರದೆ, ಕರೆದರೆ ನಗುವವರು ಸಿಕ್ಕರು. ಒಂದು ಗಿರಣಿಯಲ್ಲಿ ಗುಡಿಸುವ ಕೆಲಸಕ್ಕಿದ್ದರು. ಅವರ ಅಕ್ಕ ಬಂದು ಕರೆದುಕೊಂಡು ಹೋಗುವಾಗ ನಮ್ಮೆಲ್ಲರನ್ನೂ ನೋಡಿ ನಕ್ಕರು. ಇಂಚಣ್ಣ ಅವರನ್ನು ಎಷ್ಟೋ ಹೊತ್ತು ನೋಡುತ್ತ ನಿಂತಿದ್ದ. ಎಷ್ಟು ಇಂಚೋ ಅಣ್ಣ ಎಂದು ಗುಡುಗು ಕೆಣಕಿದ. ಅವನು ಅವರನ್ನು ಬೀದಿಯವರೆಗೆ ಬಿಟ್ಟುಬರಲು ಹೊರಟ.

ಅಂದಿನಿಂದ ಅವನು ಎರಡೂವರೆ ಇಂಚಿನದೇ ಇರಲಿ, ಇಪ್ಪತ್ತು ಇಂಚಿನದೇ ಇರಲಿ, ಕೆಳಗಿಳಿಸುವ ಮೊದಲು ತುಟಿ ಅಲ್ಲಾಡಿಸಿ ಒಮ್ಮೆ ಓದುತ್ತಿದ್ದ. ಅದರಿಂದ ಪತ್ರಿಕೆ ಸ್ವಲ್ಪ ತಡವಾಗತೊಡಗಿತು. ಸಂಪಾದಕರು ಬೈಯಲಿಲ್ಲ.

ಅಪ್ಪನ ಮರೆವು ಹೋಯಿತೇ? ಅದು ಹೋಗುವ ಜಾತಿಯದಲ್ಲ. ಆದರೆ ಅವರಿಗೆ ಒಂದು ಕೆಲಸ ಸಿಕ್ಕಿತು. ಸಂಜೆ ಪತ್ರಿಕೆ ಬರುತ್ತಲೇ ಭೂತಗನ್ನಡಿ ಸಿಕ್ಕಿಸಿಕೊಂಡು ನಡುವಿನ ಚೌಕವನ್ನು ಓದುವರು, "ಛೆ ಛೆ" ಎನ್ನುವರು, ಕೋಟಿಗೆ ಕೈ ಹಾಕುವರು. ಸೊಸೆಯೂ ತನ್ನ ಕೋಟು ಹಾಕಿಕೊಳ್ಳುವಳು. ಅಂಗಡಿಯಲ್ಲಿ ಗಿರಾಕಿ ಇಲ್ಲದ ದಿನ ಕ್ಷೌರಿಕನೂ ಬರುವನು. ಬೀದಿಬೀದಿಯಲ್ಲಿ ನಿಂತು, "ಕೆಂಪು ಸ್ವೆಟರು, ಎಡಗೆನ್ನೆ ಮೇಲೆ ಮಚ್ಚೆ, ನೋಡಿದ್ರಾ?" ಎಂದು ಅಪ್ಪ ಕಂಡಕಂಡವರನ್ನು ಕೇಳುವರು. ಊರಿನವರೆಲ್ಲ ಅವರ ಗುರುತು ಹಿಡಿಯುವಂತಾದರು. ಹಾಗಾಗಿ ಅವರು ಮತ್ತೆ ಕಳೆದುಹೋಗಬೇಕೆಂದರೂ ಯಾರೂ ಬಿಡುತ್ತಿರಲಿಲ್ಲ.

ಕತ್ತಲಾಗುವ ಹೊತ್ತಿಗೆ ಇಂಚಣ್ಣ ಕೆಲಸ ಮುಗಿಸಿ ಅವರನ್ನು ದಾರಿಯಲ್ಲಿ ಸೇರಿಕೊಳ್ಳುತ್ತಿದ್ದ.

"ಇವತ್ತು ಸಿಗ್ಲಿಲ್ಲ ಕಣೋ," ಎನ್ನುವರು ಅಪ್ಪ. "ನಾಳೆ ನೋಡ್ಬೇಕು. ಮಸ್ಟು."

ಆ ಪದವನ್ನು ಅವರಿಗೆ ಯಾರು ಕಲಿಸಿದರೋ. ನೆನಪಿನಲ್ಲಿ ಬೇರೇನೂ ನಿಲ್ಲದಿದ್ದರೂ ಅದೊಂದು ನಿಂತಿತು.